ದೀಪಾವಳಿಗೆ ಎರಡೇ ದಿನ ಬಿಡುವಿದೆ, ಕಾರಿನಲ್ಲಿ ಮಲೆನಾಡಿಗೆ ಬರೋಣ ಅಂತಿದ್ದೇವೆ. ಕರೆಯದೇ ಬಂದರೆ ನಡೆಯುತ್ತಾ?

ಉಲ್ಮ್_ರಿಪ್ಪನ್‌ಪೇಟೆ · 28 ಸೆಪ್ಟೆಂಬರ್ 2025

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ. ಹಿಂದಿನದು ಹೇಳದೆ ಪ್ರಶ್ನೆ ಅರ್ಥ ಆಗಲ್ಲ.

ನಮ್ಮದು ಮೂಲ ರಿಪ್ಪನ್‌ಪೇಟೆ ಹತ್ತಿರದ ಒಂದು ಹಳ್ಳಿ. ಒಂಬತ್ತು ವರ್ಷದಿಂದ ಜರ್ಮನಿಯ ಉಲ್ಮ್‌ನಲ್ಲಿದ್ದೇನೆ. ಈ ತಿಂಗಳು 10ರ ರಾತ್ರಿ, ನಾವು ಊಟ ಮುಗಿಸಿ ಪಾತ್ರೆ ತೊಳೆಯುತ್ತಿದ್ದಾಗ ಪಕ್ಕದ ಮನೆಯ ಅಜ್ಜಿ ಬಾಗಿಲು ತಟ್ಟಿದರು. "ನಾಳೆ ಬಾಡ್ ಹಿಂಡೆಲಾಂಗ್‌ನಲ್ಲಿ ದನಗಳು ಬೆಟ್ಟದಿಂದ ಇಳಿಯುತ್ತವೆ. ನಿಮ್ಮ ಮಗಳಿಗೆ ದನ ಅಂದರೆ ಇಷ್ಟ ಅಲ್ವಾ, ತೋರಿಸಿಕೊಂಡು ಬನ್ನಿ" ಅಂದರು. ನಾನು, ಹೆಂಡತಿ ಮುಖ ಮುಖ ನೋಡಿಕೊಂಡೆವು. ಆಫೀಸಿಗೆ ರಜೆ ಬೇಕು ಅಂತ ಅಲ್ಲೇ ನಿಂತು ಮೆಸೇಜ್ ಹಾಕಿದೆ. ಬೆಳಗಿನ ಜಾವ ಐದೂವರೆಗೆ ನಿದ್ದೆಗಣ್ಣಿನ ಮಗಳನ್ನು ಕಂಬಳಿ ಸಮೇತ ಎತ್ತಿ ಕಾರಿನಲ್ಲಿ ಕೂರಿಸಿ ಹೊರಟೇ ಬಿಟ್ಟೆವು. ಮೆಮ್ಮಿಂಗೆನ್, ಕೆಂಪ್ಟೆನ್, ಜೋಂಟ್‌ಹೋಫೆನ್ ದಾಟಿದರೆ ಹಿಂಡೆಲಾಂಗ್. ಎರಡು ಗಂಟೆಯೊಳಗಿನ ದಾರಿ.

ಅಲ್ಲಿನ ಆಲ್ಗಾಯ್ ಸೀಮೆಯಲ್ಲಿ ಬೇಸಿಗೆ ಶುರುವಾದಾಗ ದನಗಳನ್ನು ಬೆಟ್ಟದ ಮೇಲಿನ ಹುಲ್ಲುಗಾವಲಿಗೆ ಹೊಡೆಯುತ್ತಾರೆ. ಸುಮಾರು ನೂರು ದಿನ ಅಲ್ಲೇ ಮೇಯುತ್ತವೆ. ಸೆಪ್ಟೆಂಬರ್‌ನಲ್ಲಿ ಕೆಳಗೆ ಇಳಿಸಿ, ಯಾರ ದನ ಯಾರಿಗೆ ಅಂತ ಬೇರೆ ಮಾಡಿ ಅವರವರ ಕೊಟ್ಟಿಗೆಗೆ ಕಳಿಸುತ್ತಾರೆ. ಆ ದಿನಕ್ಕೆ ಫೀಶೈಡ್ ಅನ್ನುತ್ತಾರೆ. ಊರಿಗೆ ಊರೇ ರಸ್ತೆ ಬದಿಯಲ್ಲಿ ನಿಂತಿರುತ್ತದೆ.

ಮೊದಲು ಗಂಟೆ ಸದ್ದು ಬಂತು. ದನ ಕಾಣುವುದಕ್ಕೆ ಎಷ್ಟೋ ಮುಂಚೆ, ಗುಡ್ಡದ ತಿರುವಿನ ಆಚೆಯಿಂದ. ಆಮೇಲೆ ಮುಂದಿನ ಹಸು ಕಂಡಿತು. ಅದರ ತಲೆ ಮೇಲೆ ಸೊಪ್ಪು ಮತ್ತು ಹೂವಿನ ದೊಡ್ಡ ಕಿರೀಟ, ಕಿರೀಟದ ನಡುವೆ ಒಂದು ಸಣ್ಣ ಕನ್ನಡಿ. ಕನ್ನಡಿ ಯಾಕೆ ಅಂತ ಪಕ್ಕದಲ್ಲಿ ನಿಂತವರನ್ನು ಕೇಳಿದೆ. ಕೆಟ್ಟ ಶಕ್ತಿ ತನ್ನ ಮುಖವನ್ನೇ ನೋಡಿಕೊಂಡು ಹೆದರಿ ಓಡಲಿ ಅಂತ, ಅಂದರು. ದೃಷ್ಟಿಗೆ! ನನಗೆ ಮೈ ಜುಮ್ ಅಂದಿತು. ಆ ಬೇಸಿಗೆಯಲ್ಲಿ ಬೆಟ್ಟದ ಮೇಲೆ ಒಂದು ದನಕ್ಕೂ ಸಾವು ಬರದಿದ್ದರೆ ಮಾತ್ರ ಆ ಹಿಂಡಿಗೆ ಕಿರೀಟ ಕಟ್ಟುತ್ತಾರಂತೆ. ಒಂದು ಸತ್ತಿದ್ದರೂ ಕಿರೀಟ ಇಲ್ಲ. ಮನೆಯಲ್ಲಿ ಸಾವಾದ ವರ್ಷ ನಮ್ಮಲ್ಲಿ ಹಬ್ಬ ಮಾಡುವುದಿಲ್ಲವಲ್ಲ, ಅದೇ ನೆನಪಾಯಿತು.

ಐದು ವರ್ಷದ ಮಗಳು ನನ್ನ ಹೆಗಲ ಮೇಲಿದ್ದಳು. "ಅಪ್ಪಾ, ನಿಮ್ಮ ಊರಲ್ಲೂ ಹಸುಗೆ ಹೂ ಹಾಕ್ತಾರಾ?" ಅಂದಳು. ಹಾಕ್ತಾರೆ ಮಗಾ, ದೀಪಾವಳಿಗೆ, ಅಂದೆ. "ನಮ್ಮ ಹಸು ಎಲ್ಲಿದೆ?"

ನಮ್ಮ ಹಸು ಇಲ್ಲ. ಅಪ್ಪನಿಗೆ ಆಗದೆ ಕೊಟ್ಟಿಗೆ ಖಾಲಿ ಮಾಡಿ, 2014ರಲ್ಲಿ ಮನೆ, ತೋಟ ಎಲ್ಲ ಕೊಟ್ಟು ಅಪ್ಪ, ಅಮ್ಮ ಬೆಂಗಳೂರಿಗೆ ಅಣ್ಣನ ಮನೆಗೆ ಬಂದರು. ಆಮೇಲೆ ಅಪ್ಪ ಒಂದು ಸಲವೂ ಆ ಕಡೆ ಹೋಗಿಲ್ಲ. ಹೋಗೋಣ ಅಂದರೆ ಮಾತು ಬದಲಿಸುತ್ತಾರೆ.

ಈಗ ವಿಷಯಕ್ಕೆ ಬರುತ್ತೇನೆ. ಅಪ್ಪನಿಗೆ 70 ತುಂಬಿತು. ಶಾಂತಿ ಹೋಮಕ್ಕೆ ಅಕ್ಟೋಬರ್ 16ಕ್ಕೆ ಬೆಂಗಳೂರಿಗೆ ಬರುತ್ತೇವೆ, 24ಕ್ಕೆ ವಾಪಸ್. ನಡುವೆ 21, 22 ಎರಡು ದಿನ ಕೈಯಲ್ಲಿದೆ. ಅಣ್ಣನ ಕಾರು ತೆಗೆದುಕೊಂಡು ಬರೋಣ ಅಂತ ನಿನ್ನೆ ರಾತ್ರಿ ತಲೆಗೆ ಬಂತು. ಆದರೆ ಊರಲ್ಲಿ ಈಗ ನಮ್ಮ ಮನೆ ಅಂತ ಇಲ್ಲ. ನೆಂಟರಲ್ಲಿ ಹೆಚ್ಚಿನವರ ಕೊಟ್ಟಿಗೆಯಲ್ಲಿ ಈಗ ಬೈಕು ನಿಂತಿದೆ. ಗೋಪೂಜೆ ನೋಡಬೇಕು ಅಂದರೆ ಯಾರ ಮನೆಗೆ ಹೋಗಲಿ? ಕರೆಯದೇ ಹೋಗಿ ನಿಂತರೆ ಅವರಿಗೆ ತೊಂದರೆಯಾ? ದೀಪ ಹಿಡಿದು ಹಾಡುತ್ತಾ ಮನೆ ಮನೆಗೆ ಬರುವ ಅಂಟಿಕೆ ಪಂಟಿಕೆಯವರು ಈಗಲೂ ರಾತ್ರಿ ಬರುತ್ತಾರಾ? ಹೆಂಡತಿ ಮೈಸೂರಿನವಳು, ಅವಳು ಇದನ್ನೆಲ್ಲ ನನ್ನ ಬಾಯಲ್ಲಿ ಕೇಳಿದ್ದಾಳೆ ಅಷ್ಟೇ. ಹಿಂಡೆಲಾಂಗ್‌ನಲ್ಲಿ ಮಗಳು ಹಟ ಹಿಡಿದು ಕೊಳ್ಳಿಸಿದ ಒಂದು ಸಣ್ಣ ಗಂಟೆ ಇದೆ, ಮುಷ್ಟಿಯಷ್ಟು, ಚರ್ಮದ ಪಟ್ಟಿ ಇರುವುದು. ಅದನ್ನು ಯಾವುದಾದರೂ ಕರುವಿಗೆ ಕಟ್ಟಬೇಕು ಅಂತ ಅವಳ ಆಸೆ.

ತಿಳಿದವರು ಹೇಳಿ.

ಕೊಟ್ಟಿಗೆ_ಕೆಲಸ · 28 ಸೆಪ್ಟೆಂಬರ್ 2025

ತಮ್ಮಾ, ಓದಿ ಕಣ್ಣಲ್ಲಿ ನೀರು ಬಂತು. ನಮ್ಮದು ಹೊಸನಗರ ತಾಲ್ಲೂಕು. ನಿಮ್ಮ ಊರಿಂದ ತುಂಬಾ ದೂರ ಏನಲ್ಲ.

ಮೊದಲು ಕರೆಯೋ ವಿಚಾರ. ಮದುವೆ, ಮುಂಜಿಗೆ ಕರೆಯಬೇಕು. ದೀಪಾವಳಿ ದಿನ ಅಂಗಳಕ್ಕೆ ಬಂದವರನ್ನು ನಿಮ್ಮನ್ನು ಯಾರು ಕರೆದರು ಅಂತ ನಮ್ಮ ಕಡೆ ಯಾರೂ ಕೇಳುವುದಿಲ್ಲ. ಆದರೆ ಹೊತ್ತು ನೋಡಿ ಬರಬೇಕು. ಈಗ ಸುಮಾರು ಜನ ಬರುತ್ತಾರೆ, ಹೋಂಸ್ಟೇನಲ್ಲಿ ಉಳಿದು, ತಿಂಡಿ ತಿಂದು, ಹತ್ತು ಗಂಟೆಗೆ ಕಾರಲ್ಲಿ ಬಂದಿಳಿದು "ಪೂಜೆ ಆಯ್ತಾ?" ಅನ್ನುತ್ತಾರೆ. ಅಷ್ಟೊತ್ತಿಗೆ ದನ ಗುಡ್ಡಕ್ಕೆ ಹೋಗಿರುತ್ತವೆ. ಅವರಿಗೆ ಬೇಜಾರು, ನಮಗೂ ಬೇಜಾರು.

ಈ ವರ್ಷ 20 ಸೋಮವಾರ ನರಕ ಚತುರ್ದಶಿ, 21 ಅಮಾವಾಸ್ಯೆ, 22 ಬುಧವಾರ ಪಾಡ್ಯ. ಗೋಪೂಜೆ 22ರ ಬೆಳಿಗ್ಗೆ. ನೀವು 21ಕ್ಕೆ ಮಧ್ಯಾಹ್ನದ ಊಟದ ಹೊತ್ತಿಗೇ ಬಂದುಬಿಡಿ. ಯಾಕೆ ಅಂದರೆ ಹಬ್ಬದಲ್ಲಿ ಚೆಂದ ಇರುವುದೆಲ್ಲ ಹಿಂದಿನ ದಿನವೇ. ಮಧ್ಯಾಹ್ನ ಪಚ್ಚೆತೆನೆ ಅನ್ನುವ ಘಮಘಮ ಗಿಡ ಕೊಯ್ಯಬೇಕು, ಬೇಲಿಯಲ್ಲಿ ಉಗಣೆಕಾಯಿ ಹುಡುಕಬೇಕು, ಚೆಂಡು ಹೂ ಬಿಡಿಸಬೇಕು. ಸಂಜೆ ಜಗಲಿಯಲ್ಲಿ ಎಲ್ಲರೂ ಕೂತು ಬಾಳೆನಾರಿನಲ್ಲಿ ಸರ ಕಟ್ಟುವುದು, ಅಡಕೆ, ವೀಳ್ಯದೆಲೆ ಎಲ್ಲ ಸೇರಿಸಿ. ಮಕ್ಕಳು ಮಾಡಿದ ಸರ ಡೊಂಕಾಗಿರುತ್ತದೆ, ಪರವಾಗಿಲ್ಲ, ಹಸು ಅದನ್ನೇ ಮೊದಲು ತಿನ್ನುತ್ತದೆ. ಆ ಕೆಲಸಕ್ಕೆ ಕೈ ಸೇರಿಸಿದವರು ಮಾರನೇ ದಿನ ನಮಗೆ ನೆಂಟರಲ್ಲ, ಮನೆಯವರು.

ಬೆಳಗಿನ ಜಾವ ಹಂಡೆಗೆ ಬೆಂಕಿ. ದನಕ್ಕೂ ಬಿಸಿನೀರಿನ ಸ್ನಾನ ಅವತ್ತು. ಮೈ ಒರೆಸಿ ಕೋಡಿಗೆ ಕೆಮ್ಮಣ್ಣು, ಮೈಗೆ ಶೇಡಿ (ಬಿಳಿ ಮಣ್ಣು) ಅಚ್ಚು, ಕೊರಳಿಗೆ ಸರ. ಆಮೇಲೆ ಪೂಜೆ, ಕಡುಬು ತಿನ್ನಿಸುವುದು, ಬಿಡುವುದು. ನಮ್ಮ ಮನೆಯಲ್ಲಿ ಈಗ ಇರುವುದು ಎರಡು ಮಲೆನಾಡು ಗಿಡ್ಡ ತಳಿಯ ಹಸು, ಒಂದು ಕರು. ಹಾಲು ಮನೆ ಕಾಫಿಗೆ ಸಾಕು, ಮಾರುವಷ್ಟು ಇಲ್ಲ. ಮನೆಯವರು ಎರಡು ಸಲ ಕೊಡೋಣ ಅಂದರು. ನಾನು ಬೇಡ ಅಂದೆ.

ಯಾರ ಮನೆಗೆ ಹೋಗಲಿ ಅಂದಿರಲ್ಲ. ನಮ್ಮ ಮನೆಗೆ ಬನ್ನಿ. ದಾರಿ ಬೇರೆಯಾಗಿ ಮೆಸೇಜ್ ಮಾಡುತ್ತೇನೆ. ಸ್ವೀಟ್ ಬಾಕ್ಸ್ ತರಬೇಡಿ, ಮನೆ ತುಂಬಾ ಮಾಡಿರುತ್ತೇವೆ. ಪಟಾಕಿ ಖಂಡಿತ ಬೇಡ, ಕರು ಹೆದರುತ್ತದೆ. ಗಂಟೆ ತನ್ನಿ. ಮತ್ತೆ ಅಪ್ಪನನ್ನು ಕರೆದುಕೊಂಡು ಬನ್ನಿ. ಒತ್ತಾಯ ಮಾಡಬೇಡಿ, ಸುಮ್ನೆ ಒಂದು ಸೀಟು ಖಾಲಿ ಇಡಿ.

ಮಸ್ಕತ್_ತುಮರಿ · 29 ಸೆಪ್ಟೆಂಬರ್ 2025

ಅಕ್ಕ ಹೇಳಿದ್ದಕ್ಕೆ ನನ್ನದೊಂದು ಅನುಭವ ಸೇರಿಸುತ್ತೇನೆ. ಕರೆಯದೇ ಹೋಗುವುದು ಅಂದರೆ ಏನು ಅಂತ ನನಗೆ ಗೊತ್ತಾಗಿದ್ದು 2019ರ ದೀಪಾವಳಿಯಲ್ಲಿ.

ನಾನು ಮಸ್ಕತ್‌ನಲ್ಲಿ ಕೆಲಸದಲ್ಲಿದ್ದೆ, ಈಗಲೂ ಅಲ್ಲೇ. ಆ ವರ್ಷ ರಜೆ ಇಲ್ಲ ಅಂದಿದ್ದರು. ಹಬ್ಬಕ್ಕೆ ಎರಡು ದಿನ ಇರುವಾಗ ಇದ್ದಕ್ಕಿದ್ದ ಹಾಗೆ ನಾಲ್ಕು ದಿನ ಕೊಟ್ಟರು. ಸಿಕ್ಕ ಟಿಕೆಟ್ ತೆಗೆದುಕೊಂಡು ಬೆಂಗಳೂರಿಗೆ ಬಂದೆ, ಅಲ್ಲಿಂದ ಬಾಡಿಗೆ ಕಾರು. ಮನೆಗೆ ಹೇಳಿರಲಿಲ್ಲ. ಅಮ್ಮನಿಗೆ ಆಶ್ಚರ್ಯ ಆಗಲಿ ಅಂತ. ನಮ್ಮ ಮನೆ ತುಮರಿ ಕಡೆ, ಶರಾವತಿ ಹಿನ್ನೀರಿನ ಆಚೆ ದಡ. ಆಗ ಸೇತುವೆ ಇರಲಿಲ್ಲ. ಹೊಳೆಬಾಗಿಲಿಗೆ ಬಂದು ಲಾಂಚ್ ಹತ್ತಬೇಕು. ಕತ್ತಲಾದ ಮೇಲೆ ಲಾಂಚ್ ಇಲ್ಲ.

ದಾರಿಯಲ್ಲಿ ಟೈರು ಪಂಕ್ಚರ್ ಆಗಿ ಒಂದೂವರೆ ಗಂಟೆ ಹೋಯಿತು. ದಡಕ್ಕೆ ಬಂದಾಗ ಕೊನೆಯ ಲಾಂಚ್ ಆಚೆ ದಡ ಸೇರಿ ದೀಪ ಆರಿಸುತ್ತಿತ್ತು. ನನ್ನ ಊರಿನ ಬೆಳಕು ನೀರಿನ ಮೇಲೆ ಕಾಣುತ್ತಿದೆ, ಹೋಗಲು ದಾರಿ ಇಲ್ಲ. ಸುತ್ತು ಹಾಕಿದರೆ ನಗರ, ನಿಟ್ಟೂರು ಮೇಲೆ ಕಾಡು ದಾರಿ, ರಾತ್ರಿ ಆ ಕಡೆ ಬರಲ್ಲ ಅಂತ ಡ್ರೈವರ್ ಕೈ ಚೆಲ್ಲಿದ. ಅವನಿಗೂ ಹಬ್ಬ, ಅವನ ಮನೆಯಲ್ಲೂ ಕಾಯುತ್ತಿದ್ದರು. ಅವನನ್ನು ಕಳಿಸಿಬಿಟ್ಟೆ. ಬ್ಯಾಗು ಹೆಗಲಿಗೆ ಹಾಕಿಕೊಂಡು ದಡದಿಂದ ಹಿಂದಕ್ಕೆ ನಡೆದು, ಮೊದಲು ಸಿಕ್ಕ ಮನೆಯ ಅಂಗಳದಲ್ಲಿ ನಿಂತೆ.

ಅಲ್ಲಿ ಒಬ್ಬ ಅಮ್ಮ ತುಳಸಿಕಟ್ಟೆ ಹತ್ತಿರ ಹಣತೆಗೆ ಎಣ್ಣೆ ಹಾಕುತ್ತಿದ್ದರು. ನಾನು ಯಾರು, ಎಲ್ಲಿಂದ ಬಂದೆ ಅಂತ ಹೇಳಲು ಶುರು ಮಾಡಿದೆ. ಅವರು ಪೂರ್ತಿ ಕೇಳಲೇ ಇಲ್ಲ. "ಕಾಲು ತೊಳ್ಕಳಿ, ಬಚ್ಚಲಲ್ಲಿ ಬಿಸಿನೀರು ಇದೆ. ಆಸ್ರಿಗೆ, ಕುಡಿಯೋಕೆ, ಎಂಥಾ ಬೇಕು?" ಅಂದರು. ಅಷ್ಟೇ. ಹೆಸರು ಕೇಳಿದ್ದು ಊಟಕ್ಕೆ ಎಲೆ ಹಾಕಿದ ಮೇಲೆ.

ರಾತ್ರಿ ಜಗಲಿಯಲ್ಲಿ ಮಲಗಿದ್ದೆ. ಒಂದು ಗಂಟೆ ದಾಟಿರಬೇಕು. ನಾಯಿ ಬೊಗಳಿತು, ಆಮೇಲೆ ಮುಚ್ಚಿದ ಬಾಗಿಲ ಆಚೆ ಹಾಡು ಶುರುವಾಯಿತು. ಅಂಟಿಕೆ ಪಂಟಿಕೆಯವರು. ಬಾಗಿಲು ತೆಗೆಯಿರಿ ಅಂತ ಮೊದಲು ಹಾಡಿನಲ್ಲೇ ಕೇಳುತ್ತಾರಲ್ಲ, ಆ ಪದ. ಮುಂದೆ ಇಬ್ಬರು ಹೇಳುವುದು, ಹಿಂದೆ ಇಬ್ಬರು ಎತ್ತಿಕೊಳ್ಳುವುದು. ಮಸ್ಕತ್‌ನ ರೂಮಿನಲ್ಲಿ ಎಷ್ಟೋ ಸಲ ಫೋನಿನಲ್ಲಿ ಹಾಕಿ ಕೇಳಿದ್ದೆ. ಕತ್ತಲಲ್ಲಿ, ಮರದ ಬಾಗಿಲ ಆಚೆಯಿಂದ ಕೇಳುವುದೇ ಬೇರೆ. ಅಮ್ಮ ಎದ್ದು ಬಾಗಿಲು ತೆಗೆದರು. ಊರ ದೇವರ ಮುಂದೆ ಹಚ್ಚಿದ ದೀಪ, ಮನೆ ಮನೆ ದಾಟಿ ಬಂದಿತ್ತು. ಅದನ್ನು ಹಿಡಿದ ಹುಡುಗನ ಅಂಗೈ ಬತ್ತಿಗೆ ಗಾಳಿ ತಾಗದ ಹಾಗೆ ಬಾಗಿಕೊಂಡೇ ಇತ್ತು, ಹಾಡು ಮುಗಿಯುವವರೆಗೂ. ಅಮ್ಮ ಆ ದೀಪಕ್ಕೆ ಎಣ್ಣೆ ಎರೆದು, ಅದರಿಂದ ತಮ್ಮ ದೀಪ ಹಚ್ಚಿಕೊಂಡು, ಮೊರದಲ್ಲಿ ಅಕ್ಕಿ, ತೆಂಗಿನಕಾಯಿ, ದುಡ್ಡು ಇಟ್ಟು ಕೊಟ್ಟರು. ಆಮೇಲೆ ನನ್ನ ಕಡೆ ತಿರುಗಿ "ನಿಮ್ಮದೂ ಒಂದು ಹಚ್ಚಿ, ನಿಮ್ಮ ಮನೆ ಲೆಕ್ಕಕ್ಕೆ" ಅಂದರು. ಹಚ್ಚಿದೆ.

ಬೆಳಿಗ್ಗೆ ಮೊದಲ ಲಾಂಚಿಗೆ ಹೋಗಬಹುದಿತ್ತು. ಹೋಗಲಿಲ್ಲ. ಆ ಮನೆಯ ದನ ತೊಳೆದು, ಪೂಜೆ ಮುಗಿಸಿ, ಎರಡನೇ ಲಾಂಚಿಗೆ ಹೋದೆ. ಈಗಲೂ ಊರಿಗೆ ಬಂದಾಗ ಅವರ ಮನೆಗೆ ಹೋಗದೆ ವಾಪಸ್ ಹೋಗುವುದಿಲ್ಲ. ಈ ವರ್ಷ ಜುಲೈ 14ಕ್ಕೆ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಉದ್ಘಾಟನೆ ಆಯಿತು, ಸುಮಾರು 2.4 ಕಿ.ಮೀ. ಉದ್ದ. ಲಿಂಗನಮಕ್ಕಿ ಅಣೆಕಟ್ಟೆಗೆ ನೀರು ನಿಂತಾಗಿನಿಂದ ನಮ್ಮ ಕಡೆಯವರು ಅದಕ್ಕೆ ಕಾದಿದ್ದರು, ಹೆರಿಗೆ ನೋವಿಗೂ ಲಾಂಚೇ ಗತಿ ಅನ್ನುವ ಕಾಲ ಮುಗಿಯಿತು. ನನಗೆ ಅದರ ಬಗ್ಗೆ ತುಂಬಾ ಖುಷಿ ಇದೆ.

ನೀವು ಬನ್ನಿ. ಯೋಚನೆ ಮಾಡುತ್ತಾ ಕೂತರೆ ಬರುವುದು ಆಗುವುದೇ ಇಲ್ಲ.

ತುಂಗೆ_ದಡ · 29 ಸೆಪ್ಟೆಂಬರ್ 2025

ತೀರ್ಥಹಳ್ಳಿಯಿಂದ. ಒಂದು ಮಾತು ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಿಮಗೇ ಅಂತಲ್ಲ, ಇದನ್ನು ಓದುವ ಎಲ್ಲರಿಗೂ.

ಹೋದ ವರ್ಷ ನಮ್ಮ ಊರಿನ ಅಂಟಿಕೆ ಪಂಟಿಕೆ ತಂಡದ ಜೊತೆ ನಾನೂ ಇದ್ದೆ, ಹಿಮ್ಮೇಳಕ್ಕೆ. ಒಂದು ಮನೆಗೆ ಬೇರೆ ಊರಿಂದ ನೆಂಟರು ಬಂದಿದ್ದರು. ಬಾಗಿಲು ತೆಗೆದ ತಕ್ಷಣ ನಾಲ್ಕು ಮೊಬೈಲ್ ಲೈಟು ನಮ್ಮ ಮುಖಕ್ಕೆ. ಮುಂದೆ ಹೇಳುವ ಅಜ್ಜನಿಗೆ 74 ವರ್ಷ, ಬೆಳಕಿಗೆ ಕಣ್ಣು ಮುಚ್ಚಿಕೊಂಡು ಪದ ಮರೆತರು. ಆಮೇಲೆ "ವಿಡಿಯೋ ಸರಿ ಬಂದಿಲ್ಲ, ಇನ್ನೊಂದು ಸಲ ಮೊದಲಿಂದ ಹೇಳಿ" ಅಂದರು. ಅಜ್ಜ ಹೇಳಿದರು, ಮನೆಯವರ ಮೇಲಿನ ಗೌರವಕ್ಕೆ. ಆದರೆ ಆ ಮನೆಯಿಂದ ಇಳಿದ ಮೇಲೆ ಅರ್ಧ ಗಂಟೆ ಯಾರೂ ಮಾತಾಡಲಿಲ್ಲ. ದೀಪ ಹೊತ್ತು ಬರುವವರಿಗೆ ಅದು ಪ್ರದರ್ಶನ ಅಲ್ಲ. ಮೊದಲ ಪದ ಮುಗಿಯುವವರೆಗೆ ಸುಮ್ನೆ ನಿಂತು ಕೇಳಿ. ಆಮೇಲೆ ಕೇಳಿಕೊಂಡು ಒಂದು ಫೋಟೋ ತೆಗೆಯಿರಿ, ಫ್ಲಾಶ್ ಬೇಡ. ಯಾರೂ ಬೇಡ ಅನ್ನುವುದಿಲ್ಲ.

ಎಲ್ಲ ಊರಲ್ಲೂ ತಂಡ ಉಳಿದಿಲ್ಲ ಅನ್ನುವುದೂ ನಿಜ. ಪದ ಬಲ್ಲವರಿಗೆ ವಯಸ್ಸಾಯಿತು, ಹುಡುಗರು ಬೆಂಗಳೂರು. ನಮ್ಮ ಪಕ್ಕದ ಊರಲ್ಲಿ ಮೂರು ವರ್ಷದಿಂದ ದೀಪ ಬಂದಿಲ್ಲ. ಹಾಗಾಗಿ ಬರುವ ಮುಂಚೆ ಅಕ್ಕನ ಹತ್ತಿರ ಒಂದು ಸಲ ವಿಚಾರಿಸಿ, ಮಗಳನ್ನು ಸುಮ್ನೆ ಕಾಯಿಸುವ ಹಾಗೆ ಆಗಬಾರದು.

ಸೊರಬ_ಹೋರಿ · 30 ಸೆಪ್ಟೆಂಬರ್ 2025

ನಮ್ಮ ಕಡೆಗೂ ಬನ್ನಿ ಅನ್ನುವ ಆಸೆ. ಸೊರಬ, ಶಿಕಾರಿಪುರದ ಕಡೆ ದೀಪಾವಳಿಯಿಂದ ಹೋರಿ ಹಬ್ಬ ಶುರು. ಕೋಡಿಗೆ ಬಲೂನು, ಕೊರಳಿಗೆ ಕೊಬ್ಬರಿ ಹಾರ, ಕಾಲಿಗೆ ಗೆಜ್ಜೆ. ನಮ್ಮ ಹೋರಿ ಕೊಬ್ಬರಿ ಹರಿಯಗೊಡದೆ ಅಖಾಡ ದಾಟಿದರೆ ಆ ರಾತ್ರಿ ನಮಗೆ ನಿದ್ದೆ ಬರಲ್ಲ, ಅಷ್ಟು ಸಂತೋಷ. ಆದರೆ ಐದು ವರ್ಷದ ಮಗು ಜೊತೆಗೆ ಅಂದರೆ ನಾನೇ ಬೇಡ ಅನ್ನುತ್ತೇನೆ. ಜನ ನೂಕಾಡುತ್ತಾರೆ, ಹೋರಿ ಯಾವ ಕಡೆ ತಿರುಗುತ್ತದೆ ಹೇಳಲಾಗುವುದಿಲ್ಲ, ಪೆಟ್ಟು ತಿಂದವರನ್ನು ನಾನೇ ಆಟೋಗೆ ಎತ್ತಿ ಹಾಕಿದ್ದೇನೆ. ಮಗಳು ದೊಡ್ಡವಳಾದ ಮೇಲೆ ಬನ್ನಿ, ನಮ್ಮ ಮನೆ ಮಹಡಿ ಮೇಲೆ ನಿಲ್ಲಿಸಿ ತೋರಿಸುತ್ತೇನೆ.

ಭದ್ರಾವತಿ_ಬೈಪಾಸ್ · 1 ಅಕ್ಟೋಬರ್ 2025

ದಾರಿ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ, ತಿಂಗಳಿಗೆ ಎರಡು ಸಲ ಓಡಾಡುವವನು.

20ರ ಸಂಜೆ ಹೊರಡಬೇಡಿ. ಹಬ್ಬಕ್ಕೆ ಊರಿಗೆ ಹೊರಟವರೆಲ್ಲ ನೆಲಮಂಗಲದಲ್ಲೇ ನಿಂತಿರುತ್ತಾರೆ. 21ರ ಬೆಳಗಿನ ಜಾವ ನಾಲ್ಕಕ್ಕೆ ಮುಂಚೆ ಮನೆ ಬಿಡಿ. ತುಮಕೂರು ದಾಟಿ ತಿಪಟೂರು ಹತ್ತಿರ ಬೆಳಗಾಗುತ್ತದೆ. ಅರಸೀಕೆರೆ, ಕಡೂರು, ತರೀಕೆರೆ, ಭದ್ರಾವತಿ, ಶಿವಮೊಗ್ಗ, ಒಟ್ಟು 300 ಕಿ.ಮೀ. ಆಸುಪಾಸು. ತಿಂಡಿಗೆ ಕಡೂರಲ್ಲಿ ನಿಲ್ಲಿಸಿದರೆ ಹತ್ತು, ಹತ್ತೂವರೆಗೆ ಶಿವಮೊಗ್ಗ. ಅಲ್ಲಿಂದ ಆಯನೂರಿನಲ್ಲಿ ಸಾಗರದ ರಸ್ತೆ ಬಿಟ್ಟು ರಿಪ್ಪನ್‌ಪೇಟೆ ಕಡೆ ತಿರುಗಿ. ಪೆಟ್ರೋಲು ಶಿವಮೊಗ್ಗದಲ್ಲೇ ತುಂಬಿಸಿ. ಮಳೆಗಾಲ ಮುಗಿದ ಹೊಸದು, ಒಳದಾರಿಯಲ್ಲಿ ಗುಂಡಿ ಇರುತ್ತವೆ, ಅಣ್ಣನ ಕಾರು ಅಂತ ಬೇರೆ ಹೇಳಿದ್ದೀರಿ, ನಿಧಾನ.

ಆಮೇಲೆ ಉಂಬಳ, ಅಂದರೆ ರಕ್ತ ಹೀರುವ ಜಿಗಣೆ. ಅಕ್ಟೋಬರ್‌ನಲ್ಲಿ ಮಳೆ ಹನಿದರೆ ತೋಟದಲ್ಲಿ ಇನ್ನೂ ಇರುತ್ತವೆ. ಮಗಳ ಕಾಲಿಗೆ ಉದ್ದ ಸಾಕ್ಸ್ ಹಾಕಿ, ಜೇಬಲ್ಲಿ ಸ್ವಲ್ಪ ಉಪ್ಪು ಇಟ್ಟುಕೊಳ್ಳಿ. ಹತ್ತಿದರೆ ಕಿತ್ತು ಎಳೆಯಬೇಡಿ, ಉಪ್ಪು ಹಾಕಿದರೆ ಅದೇ ಬಿಡುತ್ತದೆ.

ಡ್ರೈವಿಂಗ್ ಬೇಡ ಅನ್ನಿಸಿದರೆ ರಾತ್ರಿಯ ತಾಳಗುಪ್ಪ ರೈಲು ಇದೆ, ಆದರೆ ಹಬ್ಬದ ವಾರ ಟಿಕೆಟ್ ಸಿಗುವುದು ಕಷ್ಟ.

ಉಲ್ಮ್_ರಿಪ್ಪನ್‌ಪೇಟೆ · 2 ಅಕ್ಟೋಬರ್ 2025

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಕ್ಕಾ, ನಿಮ್ಮ ಮೆಸೇಜ್ ಬಂತು, ನಾವು ಬರುತ್ತಿದ್ದೇವೆ. ಅಪ್ಪನಿಗೆ ಫೋನಿನಲ್ಲಿ ಹೇಳಿದೆ. "ನೀವು ಹೋಗಿ ಬನ್ನಿ" ಅಂದರು. ಒಂದು ಸೀಟು ಖಾಲಿ ಇಡುತ್ತೇನೆ.

ಉಲ್ಮ್_ರಿಪ್ಪನ್‌ಪೇಟೆ · 26 ಅಕ್ಟೋಬರ್ 2025

ನಿನ್ನೆ ಉಲ್ಮ್‌ಗೆ ಬಂದು ಮುಟ್ಟಿದೆವು. ಬಟ್ಟೆಯಲ್ಲಿ ಇನ್ನೂ ಹೊಗೆ ವಾಸನೆ ಇದೆ, ತೊಳೆಯಲು ಹಾಕಲು ಮನಸ್ಸಾಗದೆ ಹಾಗೇ ಇಟ್ಟಿದ್ದೇವೆ. ಮರೆಯುವ ಮುಂಚೆ ಬರೆದುಬಿಡುತ್ತೇನೆ.

21ರ ಬೆಳಗಿನ ಜಾವ ಮೂರೂವರೆಗೆ ನಾನು ಕಾರಿಗೆ ಬ್ಯಾಗು ಹಾಕಲು ಕೆಳಗೆ ಇಳಿದರೆ ಅಪ್ಪ ಆಗಲೇ ಕಾರಿನ ಪಕ್ಕ ನಿಂತಿದ್ದರು. ಸ್ನಾನ ಆಗಿತ್ತು. ಕೈಯಲ್ಲಿ ಒಂದು ಬಟ್ಟೆ ಚೀಲ. ಯಾರೂ ಏನೂ ಮಾತಾಡಲಿಲ್ಲ. ಅಮ್ಮ ಹಿಂದೆ ಕೂತರು, ಅಪ್ಪ ಮುಂದೆ. ತರೀಕೆರೆವರೆಗೂ ಅಪ್ಪ ಕಿಟಕಿ ಆಚೆ ನೋಡುತ್ತಿದ್ದರು. ಆಯನೂರಿನಲ್ಲಿ ನಾನು ಮ್ಯಾಪ್ ನೋಡುತ್ತಿದ್ದೆ, ಆಗ "ಎಡಕ್ಕೆ" ಅಂದರು. ಅವತ್ತು ಅವರ ಮೊದಲ ಮಾತು ಅದು.

ನಮ್ಮ ಹಳೇ ಮನೆ ಕಡೆ ಹೋಗಲಿಲ್ಲ. ಕೇಳಿದೆ, ಬೇಡ ಅಂದರು. ಸರಿ ಅಂದೆ.

ಅಕ್ಕನ ಮನೆಗೆ ಹನ್ನೆರಡೂವರೆಗೆ ಮುಟ್ಟಿದೆವು. ಐದು ನಿಮಿಷಕ್ಕೆ ಮಗಳು ಕೊಟ್ಟಿಗೆಯಲ್ಲಿ. ಹತ್ತು ನಿಮಿಷಕ್ಕೆ ಹೆಂಡತಿ ಹಿತ್ತಿಲಲ್ಲಿ, ಕೈಯಲ್ಲಿ ಪಚ್ಚೆತೆನೆ. ಅದನ್ನು ಹಿಚುಕಿ ಮೂಗಿನ ಹತ್ತಿರ ಹಿಡಿದು "ನೀವು ಇದರ ವಾಸನೆ ಬಗ್ಗೆ ಯಾವತ್ತೂ ಹೇಳಿಲ್ಲವಲ್ಲ" ಅಂದಳು. ಹೌದು, ಮರೆತೇ ಹೋಗಿತ್ತು. ಒಂದು ಸಲ ಮೂಗಿಗೆ ತಾಗಿದ ತಕ್ಷಣ ಅಜ್ಜಿ, ಜಗಲಿ, ಹಳೇ ಸೀಮೆಎಣ್ಣೆ ಲ್ಯಾಂಪು ಎಲ್ಲ ಎದುರಿಗೆ ಬಂದು ನಿಂತವು.

ರಾತ್ರಿ ದೀಪ ಬಂತು. ಎರಡು ಗಂಟೆ ಹತ್ತು ನಿಮಿಷ. ಮಗಳನ್ನು ಎಬ್ಬಿಸಲೋ ಬೇಡವೋ ಅಂತ ನಾವು ಯೋಚಿಸುತ್ತಿದ್ದಾಗ ಅವಳೇ ಎದ್ದು ಕೂತಳು. ತುಂಗೆ ದಡದವರು ಹೇಳಿದ ಹಾಗೆ ಫೋನು ಒಳಗೇ ಬಿಟ್ಟೆವು. ಕತ್ತಲಲ್ಲಿ ಬಾಗಿಲ ಈಚೆ ನಾವು ಎಂಟು ಜನ, ಆಚೆ ಹಾಡು. ಎರಡನೇ ಪದಕ್ಕೆ ನನ್ನ ಬೆನ್ನ ಹಿಂದಿನಿಂದ ಒಂದು ದನಿ ಮೆಲ್ಲಗೆ ಸೇರಿಕೊಂಡಿತು, ಹಿಂದೆ ಹೇಳುವವರ ಜೊತೆ. ಅಪ್ಪ. ಪೂರ್ತಿ ಪದ ಬರುತ್ತಿತ್ತು ಅವರಿಗೆ. ನನಗೆ ಈಗ 38 ವರ್ಷ, ಅಪ್ಪ ಹಾಡಿದ್ದು ನಾನು ಕೇಳಿದ್ದು ಅದೇ ಮೊದಲು. ಮದುವೆಗೆ ಮುಂಚೆ ನಾಲ್ಕು ವರ್ಷ ದೀಪದ ಜೊತೆ ಹೋಗಿದ್ದರಂತೆ. ಅಮ್ಮನಿಗೆ ಗೊತ್ತಿತ್ತು, ನಮಗೆ ಹೇಳಿರಲಿಲ್ಲ.

ಬೆಳಿಗ್ಗೆ ಶೇಡಿ ಅಚ್ಚು ಹಾಕುವ ಹೊತ್ತು. ಅಕ್ಕನ ಯಜಮಾನರು ಅಕ್ಕಿ ಅಳೆಯುವ ಸಿದ್ದೆಯನ್ನು ಅಪ್ಪನ ಕೈಗೆ ಕೊಟ್ಟರು. ಅಪ್ಪ ಅದರ ಬಾಯನ್ನು ಶೇಡಿಗೆ ಅದ್ದಿ, ಒಂದು ಸಲ ಕೊಡವಿ ಹನಿ ಬೀಳಿಸಿ, ಹಸುವಿನ ಪಕ್ಕೆಗೆ ಮೆಲ್ಲಗೆ ಒತ್ತಿ ತೆಗೆದರು. ಕಪ್ಪು ಮೈ ಮೇಲೆ ಬಿಳಿ ಬಳೆಯ ಹಾಗೆ ಒಂದು ಗುಂಡು ಅಚ್ಚು. ಹಸು ಅಷ್ಟು ಜಾಗದ ಚರ್ಮ ಮಾತ್ರ ನಡುಗಿಸಿತು. ಆಮೇಲೆ ಸಿದ್ದೆ ಮಗಳ ಕೈಗೆ. ಅವಳು ಜೋರಾಗಿ ಒತ್ತಿ ಜಾರಿಸಿದಳು, ಬಳೆ ಹೋಗಿ ಬಾಳೆಹಣ್ಣಿನ ಹಾಗೆ ಆಯಿತು. ಅಪ್ಪ ಅವಳ ಕೈ ಮೇಲೆ ಕೈ ಇಟ್ಟು "ಒತ್ತಬಾರದು, ಇಡಬೇಕು" ಅಂದರು. ಮೂರನೆಯದು ಸರಿ ಬಂತು. ಆಮೇಲೆ ಇಬ್ಬರೂ ಸೇರಿ ಎರಡು ಹಸುವಿಗೆ, ಕರುವಿಗೆ, ಕೊನೆಗೆ ಕೊಟ್ಟಿಗೆ ಕಂಬಕ್ಕೂ ಹಾಕಿದರು.

ಅಪ್ಪನ ಬಟ್ಟೆ ಚೀಲದಲ್ಲಿ ಇದ್ದದ್ದು ನಮ್ಮ ಕೊಟ್ಟಿಗೆಯ ಕೊನೆಯ ಹಸುವಿನ ಕೊರಳ ಹಗ್ಗ. ಹನ್ನೊಂದು ವರ್ಷ ಬೆಂಗಳೂರಿನ ಬೀರುವಿನಲ್ಲಿ ಇಟ್ಟುಕೊಂಡಿದ್ದರು. ಹಿಂಡೆಲಾಂಗ್ ಗಂಟೆಯ ಚರ್ಮದ ಪಟ್ಟಿ ಕರುವಿನ ಕೊರಳಿಗೆ ದೊಡ್ಡದಾಯಿತು. ಅಪ್ಪ ಪಟ್ಟಿ ಬಿಚ್ಚಿ, ಗಂಟೆಯನ್ನು ಆ ಹಗ್ಗಕ್ಕೆ ಪೋಣಿಸಿ ಕಟ್ಟಿದರು. ಕರು ಎರಡು ಸಲ ತಲೆ ಕೊಡವಿ ಸದ್ದು ಕೇಳಿತು, ಆಮೇಲೆ ತಾಯಿ ಹಸುವಿನ ಹಿಂದೆ ಗುಡ್ಡದ ಕಡೆ ಓಡಿತು. ಮಗಳು ಬೇಲಿಯ ದಣಪೆ ಮೇಲೆ ನಿಂತು ಸದ್ದು ಕೇಳುವವರೆಗೂ ಕೈ ಬೀಸುತ್ತಿದ್ದಳು.

ಮಧ್ಯಾಹ್ನ ಊಟ ಮುಗಿಸಿ ಮೂರಕ್ಕೆ ಹೊರಟೆವು. ಮಸ್ಕತ್ ಅಣ್ಣಾ, ನಿಮ್ಮ ಮಾತು ನಿಜ, ಯೋಚನೆ ಮಾಡುತ್ತಾ ಕೂತಿದ್ದರೆ ಬರುತ್ತಲೇ ಇರಲಿಲ್ಲ. ಭದ್ರಾವತಿಯವರೇ, ಉಪ್ಪು ಉಪಯೋಗಕ್ಕೆ ಬಂತು, ಹೆಂಡತಿಗೆ ಎರಡು ಹತ್ತಿದ್ದವು.

ಮಸ್ಕತ್_ತುಮರಿ · 26 ಅಕ್ಟೋಬರ್ 2025

ಆಫೀಸಿನಲ್ಲಿ ಓದಿದೆ, ಎದ್ದು ಹೊರಗೆ ಹೋಗಿ ಅಮ್ಮನಿಗೆ ಫೋನ್ ಮಾಡಿ ಬಂದೆ. 2026ರ ಫೆಬ್ರವರಿಗೆ ಸಾಗರದ ಮಾರಿಕಾಂಬಾ ಜಾತ್ರೆ ಇದೆ, ಮೂರು ವರ್ಷಕ್ಕೆ ಒಂದೇ ಸಲ ಬರುವುದು. ನಾನು ಈಗಲೇ ರಜೆ ಕೇಳಿದ್ದೇನೆ.

ಕೊಟ್ಟಿಗೆ_ಕೆಲಸ · 27 ಅಕ್ಟೋಬರ್ 2025

ತಮ್ಮಾ, ಅಪ್ಪನಿಗೆ ಹೇಳಿ, ಹಗ್ಗ ಗಟ್ಟಿಯಾಗಿದೆ. ಮೊನ್ನೆ ಸಂಜೆ ಮಂಜು ಮುಸುಕಿ ಏನೂ ಕಾಣುತ್ತಿರಲಿಲ್ಲ, ಕರು ಎಲ್ಲಿದೆ ಅಂತ ಗಂಟೆ ಸದ್ದಲ್ಲೇ ಹುಡುಕಿದೆವು. ನಮ್ಮ ಗಂಟೆಗಳ ನಡುವೆ ಅದೊಂದು ಬೇರೆ ಥರ ಕೇಳುತ್ತದೆ. ಕಂಬದ ಮೇಲಿನ ಅಚ್ಚು ನಾನು ಒರೆಸಿಲ್ಲ. ಮಗಳ ಸಾಕ್ಸ್ ಒಂದು ಇಲ್ಲೇ ಬಿಟ್ಟು ಹೋಗಿದ್ದೀರಿ, ತೊಳೆದು ಇಟ್ಟಿದ್ದೇನೆ.